ಕೇಳುವ ಮೊದಲೇ ಇದ್ದ ಉತ್ತರ

"ಬಾಗಿಲು ತೆಗೀಬೇಡ!"

ಕಗ್ಗತ್ತಲಲ್ಲಿ ಯಾರೋ ಅವಳ ಕೈ ಹಿಡಿದರು. ಎದೆ ಧಸಕ್ಕೆಂದಿತು. ದನಿ ಯಾರದೆಂದು ಗೊತ್ತಾದ ಮೇಲಂತೂ ಇನ್ನೂ ಜೋರಾಗಿ ಹೊಡೆದುಕೊಳ್ಳತೊಡಗಿತು.

ಅವನೇ! ಪ್ರಯೋಗಾಲಯದವರೆಲ್ಲ 'ಲೆಕ್ಕದ ಹುಲಿ' ಎಂದು ಕಾಡಿಸುವ, ಕಾಗದದ ಮೇಲಷ್ಟೇ ವಿಜ್ಞಾನ ಮಾಡುವ ಆಸಾಮಿ. ಅವನೊಂದಿಗೆ ಅವಳು ಮಾತು ಬಿಟ್ಟಿದ್ದಳು.

"ಕೈ ಬಿಡು. ನಿನಗೆ ಇಲ್ಲೇನು ಕೆಲಸ?"

"ನಿನ್ನ ಹತ್ರ ಮಾತಾಡೋಕೆ ಬಂದೆ... ಅಷ್ಟರಲ್ಲಿ ಮೇಷ್ಟ್ರು ಪಕ್ಕದ ಕೋಣೆಯಿಂದ ದೀಪ ಆರಿಸಿ ಯಂತ್ರ ಚಾಲೂ ಮಾಡಿಬಿಟ್ರು. ಗುಂಯ್ ಅನ್ನೋದು ಕೇಳಿಸ್ತಿಲ್ವಾ?"

ಕೇಳಿಸಿತು.

ಬೆಳಕಿನ ಕಣಗಳನ್ನು ಒಂದೊಂದಾಗಿ ಹಿಡಿಯುವ ಯಂತ್ರವದು. ಈಗ ಬಾಗಿಲು ತೆರೆದರೆ ಹೊರಗಿನ ಬೆಳಕಿಗೆ ಸುಟ್ಟೇ ಹೋಗುತ್ತದೆ, ಎಲ್ಲರ ದುಡಿಮೆಯೂ ನೀರುಪಾಲು! ಕೂಗಿದರೆ ಕೇಳಿಸದಷ್ಟು ದಪ್ಪ ಗೋಡೆ. ಫೋನೂ ಹೊರಗೆ.

ಒಳಗೆ ಹೋಗುವವರು ತಮ್ಮ ಹೆಸರಿನ ಬಿಲ್ಲೆಯನ್ನು ಬಾಗಿಲಿಗೆ ತೂಗುಹಾಕಬೇಕೆಂಬುದು ಅಲ್ಲಿನ ನಿಯಮ. ಮದುವೆಯ ಮಾತು ಬಂದದ್ದರಿಂದ ಅವಳು ಕೆಲಸ ಬಿಡುತ್ತಿದ್ದಳು, ಬೆಳಿಗ್ಗೆಯೇ ಮೇಷ್ಟ್ರಿಗೆ ಬಿಲ್ಲೆ ಮರಳಿಸಿದ್ದಳು. ಕೊನೆಯ ಸಲ ತನ್ನ ಕೈಯಾರೆ ಜೋಡಿಸಿದ ಯಂತ್ರದ ಕನ್ನಡಿಗಳನ್ನು ಒರೆಸಿ ಬರೋಣವೆಂದು ಒಳಗೆ ಬಂದಿದ್ದಳು. ಯಂತ್ರ ಮುಟ್ಟದ ಹುಲಿಗೋ ಬಿಲ್ಲೆಯೇ ಇರಲಿಲ್ಲ. ಬಾಗಿಲು ಬರಿದಾಗಿದ್ದರಿಂದ ಕೋಣೆ ಖಾಲಿ ಎಂದುಕೊಂಡರು ಪಾಪ ಮೇಷ್ಟ್ರು.

ಯಂತ್ರ ನಿಲ್ಲುವುದು ಸಂಜೆಗೆ. ಸಂಜೆಗೇ ಮನೆಗೆ ಗಂಡಿನವರು ಬರುತ್ತಾರೆ! ಅವಳು ಹೂಂ ಎನ್ನಲೆಂದು ಅಣ್ಣ ಕಾದಿದ್ದಾನೆ. ಒಳಗೆ ಇವನು, ಹೊರಗೆ ಆ ಮದುವೆ... ಅತ್ತ ದರಿ, ಇತ್ತ ಪುಲಿ.

"ಮಾತು ಮುಗಿದುಹೋಗಿದೆ," ಎಂದಳು. "ಅಣ್ಣ ಇಲ್ಲಿಗೇ ಬಂದು ನಿನ್ನ ಕೇಳಿದ, ನಿಮ್ಮಿಬ್ಬರ ನಡುವೆ ಏನಾದ್ರೂ ಇದೆಯಾ ಅಂತ. ನೀನು ಏನೂ ಇಲ್ಲ ಅಂದೆ. ಬಾಗಿಲ ಹಿಂದೆ ನಿಂತು ನನ್ನ ಕಿವಿಯಾರೆ ಕೇಳಿಸ್ಕೊಂಡೆ."

ಅವನು ಗಾಬರಿಯಾದ. "ಇದೆ ಅಂದಿದ್ರೆ ಅವತ್ತೇ ನಿನ್ನ ಕೆಲಸ ಬಿಡಿಸ್ತಿದ್ರು. ಈ ಕನ್ನಡಿಗಳು ಅಂದ್ರೆ ನಿನಗೆ ಪ್ರಾಣ..."

"ನನ್ನ ಕೇಳಿದ್ಯಾ?"

ಅವನು ತಲೆ ತಗ್ಗಿಸಿರಬೇಕು. ಕತ್ತಲಲ್ಲಿ ಯಾರಿಗೆ ಕಾಣಬೇಕು!

"ತಪ್ಪಾಯ್ತು."

ಅವಳ ಕಣ್ಣು ತುಂಬಿತು. ಸಿಟ್ಟೋ ಸಮಾಧಾನವೋ ಅವಳಿಗೇ ತಿಳಿಯಲಿಲ್ಲ.

"ಕಣಕ್ಕೆ ಮೊದಲೇ ಉತ್ತರ ಇರಲ್ಲ, ಅಳೆದಾಗಷ್ಟೇ ಹುಟ್ಟುತ್ತೆ ಅಂತ ವಾದ ಮಾಡೋನು ನೀನು. ಜೊತೆಗೆ ಇನ್ಯಾವ ಪ್ರಶ್ನೆ ಕೇಳ್ತೀವೋ ಅದರ ಮೇಲೆ ಉತ್ತರ ಬದಲಾಗುತ್ತೆ ಅಂತೀಯ. ನೀನೂ ಹಾಗೇನಾ? ಅಣ್ಣ ಕೇಳಿದ್ರೆ ಒಂದು, ನಾನು ಕೇಳಿದ್ರೆ ಇನ್ನೊಂದು?"

"ನೀನೇನು ಕಮ್ಮಿ? ಸಕ್ಕರೆ ಡಬ್ಬಿಯ ಮುಚ್ಚಳ ತೆಗೆಯೋ ಮೊದಲೂ ಒಳಗೆ ಸಕ್ಕರೆ ಇರುತ್ತೆ ಅಂತ ಜಗಳ ಆಡ್ತಿದ್ದೆ. ಒಂದೇ ಸಲ ಕೇಳಿಸ್ಕೊಂಡು ಡಬ್ಬಿ ಖಾಲಿ ಅಂದ್ಕೊಂಡ್ಯಲ್ಲ!"

ಅವಳು ಅಳುತ್ತಲೇ ನಕ್ಕುಬಿಟ್ಟಳು. ಆದರೆ ಪೂರ್ತಿ ನಂಬಲಿಲ್ಲ. *ಕತ್ತಲಲ್ಲಿ ಹೇಳೋದು ಸುಲಭ. ಅಣ್ಣನ ಎದುರು ಹೇಳ್ತಾನಾ?*

ಸಂಜೆಯಾಗಿ ಗುಂಯ್ ಸದ್ದು ನಿಂತಿತು. ಬಾಗಿಲು ತೆರೆದ ಮೇಷ್ಟ್ರು ಬೆಚ್ಚಿಬಿದ್ದರು. "ಅಯ್ಯೋ, ಇಷ್ಟು ಹೊತ್ತೂ ಒಳಗಿದ್ರಾ!"

ಹೊರಗಿನ ಕಪಾಟಿನಲ್ಲಿ ಅವಳ ಫೋನು ಬಡಿದುಕೊಳ್ಳುತ್ತಿತ್ತು. ಅಣ್ಣ!

"ಎಲ್ಲಿದ್ದೀಯೇ? ಅವರು ಬಂದು ಕೂತಿದ್ದಾರೆ. ಏನಂತ ಹೇಳ್ಲಿ?"

"ಒಂದು ನಿಮಿಷ ಅಣ್ಣ." ಅವಳು ಸ್ಪೀಕರ್ ಹಾಕಿ, ಮೇಷ್ಟ್ರ ಎದುರೇ ಅವನತ್ತ ತಿರುಗಿದಳು.

"ನಮ್ಮಿಬ್ಬರ ನಡುವೆ ಏನಾದ್ರೂ ಇದೆಯಾ?"

ಅವನು ಫೋನನ್ನು ನೋಡಿದ. ಅವಳನ್ನು ನೋಡಿದ.

"ಇದೆ. ಅವತ್ತು ನಿಮಗೆ ಸುಳ್ಳು ಹೇಳಿದೆ, ಅಣ್ಣ. ಕ್ಷಮಿಸಿ."

ಅವಳು ಫೋನನ್ನು ಬಾಯಿಯ ಹತ್ತಿರ ಹಿಡಿದಳು.

"ಅವರಿಗೆ ಬೇಡ ಅಂತ ಹೇಳಿಬಿಡಣ್ಣ. ಮನೆಗೆ ಬಂದು ನಿನ್ನ ಬೈಗುಳವನ್ನೆಲ್ಲ ಕೇಳ್ತೀನಿ. ಆದ್ರೆ ಕೆಲಸ ಬಿಡಲ್ಲ."

ಮೇಷ್ಟ್ರು ಜೇಬಿನಿಂದ ಅವಳ ಬಿಲ್ಲೆ ತೆಗೆದು ಬಾಗಿಲಿಗೆ ತೂಗುಹಾಕಿದರು.

ಅವಳು ಮೆಲ್ಲಗೆ ಕೇಳಿದಳು: "ಇದೆ ಅಂದ್ಯಲ್ಲ... ನಾನು ಕೇಳಿದ ಮೇಲೆ ಹುಟ್ಟಿದ್ದಾ?"

"ಇಲ್ಲ ಕಣೇ. ನೀನು ಕೇಳೋಕೆ ಮುಂಚಿಂದಲೂ ಇತ್ತು."