ಖಾಲಿ ಕೋಣೆಯ ಒಂದು ನಿಮಿಷ

ಅಕ್ಕನ ಬಲಗೈಗೆ ಮರುದಿನ ಶಸ್ತ್ರಚಿಕಿತ್ಸೆ ಇತ್ತು. ಆಮೇಲೆ ಅವಳು ಚೆಲ್ಲೋ ನುಡಿಸಬಲ್ಲಳೋ ಇಲ್ಲವೋ, ಡಾಕ್ಟರೂ ಹೇಳಿರಲಿಲ್ಲ. ಹಾಗಾಗಿ ಅವಳ ಚೆಲ್ಲೋ, ಭಾವನ ಪಿಯಾನೊ ಎರಡನ್ನೂ ಅವತ್ತೇ ಧ್ವನಿಮುದ್ರಿಸಿದೆ. ಮಧ್ಯಾಹ್ನ ಮೂರಕ್ಕೆ ವಾದನ ಮುಗಿಯಿತು. ಖಾಲಿ ಕೋಣೆಯ ಒಂದು ನಿಮಿಷದ ಮೌನ ಹಿಡಿಯುವುದಷ್ಟೇ ಉಳಿದಿತ್ತು. ಮುದ್ರಿಸಿದ್ದನ್ನು ಕತ್ತರಿಸಿ ಜೋಡಿಸಿದಲ್ಲಿ ತೇಪೆ ಹಾಕಲು ಅದು ಬೇಕು.

ಇಬ್ಬರನ್ನೂ ಹೊರಗೆ ಕರೆದು, ಬಾಗಿಲು ಹಾಕಿ, ಹೆಡ್‌ಫೋನ್ ಕಿವಿಗಿಟ್ಟೆ. ಹದಿನೆಂಟನೇ ಸೆಕೆಂಡಿಗೆ ಒಳಗೆ ಯಾರೋ ಮೂಗಿನಿಂದ ಉಸಿರೆಳೆದುಕೊಂಡರು, ಥೇಟ್ ಅಕ್ಕ ಚೆಲ್ಲೋದ ಕಮಾನು ಎತ್ತುವ ಮುಂಚೆ ಎಳೆದುಕೊಳ್ಳುವ ಹಾಗೆ.

“ಅಕ್ಕಾ, ಒಂದು ನಿಮಿಷ ಹೊರಗಿರೋಕಾಗಲ್ವಾ ನಿಂಗೆ?”

“ಇಲ್ಲೇ ನಿನ್ನ ಬೆನ್ನ ಹಿಂದೆ ನಿಂತಿದೀನಲ್ಲೋ. ನಿನ್ನ ಮೈಕಿಗೇ ನೆಗಡಿ ಆಗಿರ್ಬೇಕು.”

ಎರಡನೇ ಸಲವೂ ಹದಿನೆಂಟಕ್ಕೆ ಅದೇ ಉಸಿರು. ಕಿಟಕಿ ಮುಚ್ಚಿದೆ, ಫ್ಯಾನಿನ ತಂತಿ ಕಿತ್ತೆ, ಮೈಕ್ ಬದಲಿಸಿದೆ. ಮೈಕಿನ ಸ್ಟ್ಯಾಂಡು ಮುಟ್ಟಲಾರದಷ್ಟು ತಣ್ಣಗಿತ್ತು. ಮೂರನೇ ಸಲ ರೇಗಿಹೋಗಿ ಹೆಡ್‌ಫೋನನ್ನು ಭಾವನ ತಲೆಗೇ ಸಿಕ್ಕಿಸಿದೆ.

“ನೀವೇ ಕೇಳಿ ಭಾವ, ನಂಗಂತೂ ಸಾಕಾಗಿದೆ.”

ಭಾವ ಕಣ್ಣು ಮುಚ್ಚಿ ನಿಂತರು. ಹದಿನೆಂಟಕ್ಕೆ ಅವರ ಎರಡೂ ಕೈ ತಾವಾಗಿ ಮೇಲೆದ್ದು, ಗಾಳಿಯಲ್ಲೇ ಮೊದಲ ಸ್ವರಕ್ಕೆ ಬಿದ್ದವು. ಆ ಉಸಿರಿಗೆ ಇಪ್ಪತ್ತು ವರ್ಷದಿಂದ ಹಾಗೇ ಬೀಳುವ ಕೈಗಳು.

“ಇವಳೇ ಕಣೋ,” ಎಂದರು.

ಅಕ್ಕ ಪಕ್ಕದಲ್ಲೇ ಬಲಗೈಯನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದಳು.

ಅವಳು ಮತ್ತೆ ಕಮಾನು ಹಿಡಿಯಲಿಲ್ಲ. ಆ ಮೂರು ಮೌನಗಳೂ ನನ್ನ ಬಳಿ ಇವೆ. ಒಳಗೆಳೆದ ಆ ಉಸಿರನ್ನು ನಿಮಿಷ ಮುಗಿಯುವವರೆಗೂ ಯಾರೂ ಹೊರಗೆ ಬಿಟ್ಟಿಲ್ಲ.