ಬೀಗಿತ್ತಿಯ ಮಣಿಕಟ್ಟು

ಬೆಳಗಿನ ಜಾವ ತೀರಿಕೊಂಡ ಬೀಗಿತ್ತಿಯ ಮುಖ ಒರೆಸಿ, ಕುತ್ತಿಗೆ ಒರೆಸಿ, ಬಟ್ಟೆಯನ್ನು ಬಿಸಿನೀರಿನಲ್ಲಿ ಹಿಂಡಿಕೊಂಡು ಅವಳು ದೇಹವನ್ನು ಮಗ್ಗುಲಿಗೆ ಹೊರಳಿಸಿದಳು. ವಾಸನೆ ಗಪ್ಪನೆ ಮೂಗಿಗೆ ಅಡರಿತು... ಪೊಲೀಸ್ ಇಲಾಖೆಯ ವಿಧಿವಿಜ್ಞಾನ ವಿಭಾಗದಲ್ಲಿ ಕೂದಲು ಹಣ್ಣಾಗುವವರೆಗೆ ದುಡಿದವಳು, ನಿವೃತ್ತಿಯಾದ ಮೇಲೂ ದಿಕ್ಕಿಲ್ಲದವರ ಹೆಣಗಳನ್ನು ತಾನಾಗಿ ಹೋಗಿ ತೊಳೆದು ಮಣ್ಣು ಮಾಡಿಸುತ್ತಿದ್ದವಳು, ಇವತ್ತು ಮೊದಲ ಸಲ ತೋಳಿನಿಂದ ಮೂಗು ಮುಚ್ಚಿಕೊಂಡಳು! ಸೊಂಟದ ಮೇಲೆ ಅಂಗೈಯಗಲದ ಹುಣ್ಣು. ಒಳಗೆ ಎಲುಬು ಕಾಣುತ್ತಿತ್ತು. ಎರಡೂ ಮಣಿಕಟ್ಟುಗಳ ಸುತ್ತ ಕಪ್ಪುಗಟ್ಟಿದ ಪಟ್ಟಿ, ಹಳೆಯ ಗಾಯದ ಮೇಲೆ ಹೊಸದು. ಕಟ್ಟಿದ ಗುರುತು. ಮನಸ್ಸು ಬೇಡವೆಂದರೂ ಕಣ್ಣು ಓದಿಬಿಟ್ಟಿತು.

ನಡುಮನೆಯಿಂದ ಮಗಳ ಅಳು ಕೇಳಿಸುತ್ತಿತ್ತು. "ನಮ್ಮತ್ತೇನ ಹೂವಿನ ಹಾಗೆ ನೋಡ್ಕೊಂಡೆ ಕಣ್ರೀ..."

"ಇಂಥ ಸೊಸೆ ಸಿಗೋಕೂ ಪುಣ್ಯ ಮಾಡಿರ್ಬೇಕು" ಎಂದು ಯಾರೋ ಲೊಚಗುಟ್ಟಿದರು.

ಮಗಳು ಒಳಗೆ ಬಂದು ಬಾಗಿಲು ಹಾಕಿದಳು. ಅಳು ನಲ್ಲಿ ತಿರುಗಿಸಿದಂತೆ ನಿಂತಿತು.

"ಇನ್ನೂ ಆಗ್ಲಿಲ್ವೇನಮ್ಮಾ? ಸರ್ಟಿಫಿಕೇಟ್ ಕೊಡೋಕೆ ಡಾಕ್ಟ್ರು ಬರ್ತಿದ್ದಾರೆ. ಈ ಉದ್ದ ತೋಳಿನ ಅಂಗಿ ತೊಡಿಸ್ಬಿಡು."

"ಕೈ ಕಟ್ಟಿದ್ದು ಯಾರೇ?"

"ಹಾಸಿಗೇಲೇ ಎಲ್ಲಾ ಮಾಡ್ಕೊಂಡು ಗೋಡೆಗೆ ಬಳೀತಿದ್ರು! ನಿನ್ನಳಿಯ ಬೆಳಿಗ್ಗೆ ಹೊರಟ್ರೆ ರಾತ್ರೀನೇ ಮುಖ ತೋರ್ಸೋದು. ನಾನೇನು ಮನುಷ್ಯಳಲ್ವಾ?"

"ನನಗೊಂದು ಮಾತು ಹೇಳಿದ್ರೆ ಬಂದು ತೊಳೀತಿರ್ಲಿಲ್ವೇನೇ?"

"ನೀನಾ? ಬದುಕಿರೋರ ಕಡೆ ನೀನು ಯಾವತ್ತಮ್ಮಾ ತಿರುಗಿ ನೋಡಿದ್ದೆ? ನೀನು ತುತ್ತು ಕೊಟ್ರೆ ನಿನ್ನ ಕೈಯಿಂದ ಔಷಧಿ ವಾಸನೆ ಬರ್ತಿತ್ತು... ಊರೋರಿಗೆಲ್ಲಾ ಮಾಡ್ದೆ. ಒಂದೇ ಒಂದ್ಸಲ ನನಗೋಸ್ಕರ ಮಾಡು. ಇಲ್ದಿದ್ರೆ ನಾನು ಜೈಲು ಪಾಲು!"

ಮಗಳು ಅವಳ ಒದ್ದೆ ಕೈಯನ್ನು ಹಿಡಿದುಕೊಂಡಳು. ಮಾತಿನಲ್ಲಿ ಸುಳ್ಳಿರಲಿಲ್ಲ, ಅದು ಎದೆಗೆ ನಾಟಿತು. ಆದರೂ ತಾನು ಹಿಡಿದು ಅಕ್ಷರ ತಿದ್ದಿಸಿದ ಆ ಬೆರಳುಗಳು ಮೈಗೆ ಸೋಕುತ್ತಲೇ ಅವಳು ಕೈ ಎಳೆದುಕೊಂಡಳು. ಎಷ್ಟೋ ಕೊಳೆತ ದೇಹಗಳ ಮುಂದೆ ಬಾರದ ಹೇಸಿಗೆ, ಹೆತ್ತ ಮಗಳ ಮುಂದೆ!

"ಅಂಗಿ ಅಲ್ಲಿಟ್ಟು ಹೋಗು" ಎಂದಳು.

ಮಗಳು ಹೊಸ್ತಿಲಲ್ಲಿ ನಿಂತು ಮುಖಕ್ಕೆ ಅಳು ತಂದುಕೊಂಡು ಹೊರಟಳು.

ಹೊರಗೆ ಕಾರು ನಿಂತ ಸದ್ದಾಯಿತು. ಅವಳು ಅಂಗಿಯನ್ನು ಕೈಗೆತ್ತಿಕೊಂಡಳು. ಆಮೇಲೆ ಅದನ್ನು ಬಕೆಟ್ಟಿನ ಕೊಳೆನೀರಿಗೆ ಹಾಕಿ ಮುಳುಗುವ ತನಕ ಒತ್ತಿದಳು. ಹೊದಿಕೆಯನ್ನು ಬೀಗಿತ್ತಿಯ ಎದೆಯವರೆಗೆ ಎಳೆದು, ಎರಡೂ ಕೈಗಳನ್ನು ಗಾಯ ಕಾಣುವಂತೆ ಹೊದಿಕೆಯ ಮೇಲಿಟ್ಟಳು.

"ಆಯ್ತೇನಮ್ಮಾ?" ಬಾಗಿಲಾಚೆಯಿಂದ ಮಗಳು ಬಿಕ್ಕುತ್ತಾ ಕೇಳಿದಳು.

"ಆಯ್ತು, ಬನ್ನಿ" ಎಂದಳು ಅವಳು.