ಉಲ್ಲನ್ ಅಂಗಡಿಯಲ್ಲಿ ಬಿಚ್ಚಿಹೋಗುತ್ತಿದ್ದ ಸ್ವೆಟರು

"ಮೇಡಂ, ಬೇಗ ಕೆಳಗೆ ಬನ್ನಿ! ಶ್ಯಾಮಲಮ್ಮನ ಸ್ವೆಟರು ಮತ್ತೆ ಬಿಚ್ಚಿಬಿಟ್ಟಿದ್ದಾರೆ!"

ಕೆಳಗಿನ ಅಂಗಡಿಯ ಹುಡುಗಿ ಶಕೀಲಾ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬಂದು ಹೀಗೆ ಕೂಗಿದಾಗ ನಾನು ಕಾಫಿ ಸೋಸುತ್ತಿದ್ದೆ. ಅರ್ಧ ಕಾಫಿ ಒಲೆಯ ಪಾಲಾಯಿತು. ೧೯೬೨ರ ಡಿಸೆಂಬರಿನ ಒಂದು ಬುಧವಾರ ಅದು. ನಂದಿ ಬೆಟ್ಟದ ಕಡೆಯಿಂದ ಇಳಿದ ಮಂಜು ಚಿಕ್ಕಬಳ್ಳಾಪುರದ ಪೇಟೆ ಬೀದಿ ಬಿಟ್ಟು ಇನ್ನೂ ಎದ್ದಿರಲಿಲ್ಲ. ಎದುರು ಮನೆಯ ದೀಪ ನೀರಿನೊಳಗಿಂದ ಉರಿಯುವಂತೆ ಕಾಣುತ್ತಿತ್ತು.

ಮೇಡಂ ಅಂದರೆ ಗಂಗುಲಮ್ಮ. ಮೂವತ್ತು ವರ್ಷ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಹೊಲಿಗೆ, ಹೆಣಿಗೆ ಕಲಿಸಿ ನಿವೃತ್ತಿಯಾದವರು. ಬಷೀರ್ ಅಹಮದ್ ಸಾಹೇಬರ ಉಲ್ಲನ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವರೂ ನಾನೂ ಬಾಡಿಗೆಗಿದ್ದೆವು. ಪೇಟೆಯಲ್ಲಿ ಬುಗುಡಿ ಕಳೆಯಲಿ, ಹಸು ಕಳೆಯಲಿ, ಜನ ಠಾಣೆಗಿಂತ ಮೊದಲು ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ನನ್ನ ಹೆಸರು ಅಕ್ಕಯಮ್ಮ. ನನಗೆ ಹೆಣಿಗೆ ಬರುವುದಿಲ್ಲ, ಬಾಯಿ ಬರುತ್ತದೆ. ಗಂಗುಲಮ್ಮ ಮಾತಾಡದೆ ಬಿಟ್ಟಿದ್ದನ್ನೆಲ್ಲ ಊರಿಗೆ ಹೇಳುವ ಕೆಲಸ ನನ್ನದು.

ಚೀನಾ ಜೊತೆಗಿನ ಯುದ್ಧ ನಿಂತು ತಿಂಗಳಾಗಿತ್ತು. ಆದರೂ ಬೆಟ್ಟಗಳ ಚಳಿಯಲ್ಲಿದ್ದ ಜವಾನರಿಗೆಂದು ಊರ ಹೆಂಗಸರೆಲ್ಲ ಸ್ವೆಟರು ಹಾಕುತ್ತಿದ್ದರು. ದಿನಾ ಮಧ್ಯಾಹ್ನ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಸೇರುವರು. ಗಾಜಿನ ಬೀರುಗಳಲ್ಲಿ ಕುಂಕುಮ, ಅರಿಶಿನ, ನವಿಲುಬಣ್ಣದ ಉಂಡೆಗಳು ಬಿಸಿಲಿಗೆ ಮಲಗಿರುತ್ತಿದ್ದವು. ಕಡ್ಡಿಗಳ ಟಿಕಟಿಕ ಕೇಳುತ್ತಾ ಕೂತರೆ ನನಗೆ ಎಚ್ಚರವೋ ನಿದ್ದೆಯೋ ತಿಳಿಯುತ್ತಲೇ ಇರಲಿಲ್ಲ. ಎಲ್ಲರ ಕೈಯಲ್ಲೂ ಒಂದೇ ಮಿಲಿಟರಿ ಹಸಿರು.

ಅವರಲ್ಲಿ ಶ್ಯಾಮಲಮ್ಮನ ಸ್ವೆಟರು ಮಾತ್ರ ಹೆಸರಿದ್ದ ಸ್ವೆಟರು. ಅವಳ ಒಬ್ಬನೇ ಮಗ ಮುನಿಶಾಮಿ ಗಡಿಯಲ್ಲಿದ್ದ. ದೀಪಾವಳಿಯಿಂದ ಅವನ ಕಾಗದ ಬಂದಿರಲಿಲ್ಲ. ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಎಲ್ಲ ಪಾರ್ಸಲ್ಲುಗಳು ಬೆಂಗಳೂರಿಗೆ ಹೋಗಬೇಕಿತ್ತು. ಅದರೊಳಗೆ ಮಗನ ಸ್ವೆಟರು ಮುಗಿಯಬೇಕು ಅನ್ನುವುದೊಂದೇ ಅವಳ ಜಪ. ಆದರೆ ಅವಳು ಹೆಣೆದದ್ದು ಬೆಳಗಾಗುವಷ್ಟರಲ್ಲಿ ಗೇಣುದ್ದ ಬಿಚ್ಚಿಹೋಗಿರುತ್ತಿತ್ತು. ಹಿಂದಿನ ವಾರ ಒಮ್ಮೆ, ಶನಿವಾರ ಒಮ್ಮೆ, ಇದು ಮೂರನೆಯದು.

ನಾವು ಇಳಿದು ಬರುವಷ್ಟರಲ್ಲಿ ಪಡಸಾಲೆಯಲ್ಲಿ ರಂಪವೇ ಆಗುತ್ತಿತ್ತು. ಅಂದು ಶ್ಯಾಮಲಮ್ಮನ ಜೊತೆ ಬೆಳಿಗ್ಗೆಯೇ ಹೆಣೆಯಲು ಬಂದಿದ್ದ ಚಿಕ್ಕವೆಂಕಟಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳ ಗಂಟಲಿನ ಮುಂದೆ ನನ್ನದು ಏನೂ ಅಲ್ಲ.

"ಅಯ್ಯೋ ದೇವುಡಾ! ಬೆಕ್ಕಂತೆ, ಇಲಿಯಂತೆ! ಇಲಿ ಬಿಚ್ಚಿದ ಉಲ್ಲನ್ನ ಹಿಂಗೆ ಲಡಿ ಕಟ್ಟಿ ಇಡುತ್ತಾ? ನೋಡಿ ಮೇಡಂ, ನೀವೇ ನೋಡಿ!"

ನಿಜವೇ. ಬಿಚ್ಚಿದ ಉಲ್ಲನ್ನು ಉಂಡೆ ಸುತ್ತಿರಲಿಲ್ಲ. ಉದ್ದನೆಯ ಲಡಿ ಮಾಡಿ, ಸಿಕ್ಕಾಗದಂತೆ ನಾಲ್ಕು ಕಡೆ ಸಣ್ಣ ಬಿಳಿ ದಾರ ಪೋಣಿಸಿ ಕಟ್ಟಿದ್ದರು.

"ರೇಷ್ಮೆ ಲಡಿಗೆ ಹಿಂಗೆ ಕಟ್ಟೋದು. ಶಕೀಲಾ ಅಮ್ಮನ ತವರು ಎಲ್ಲಿ? ಶಿಡ್ಲಘಟ್ಟ. ಅವಳ ಮಾವಂದಿರು ನೂಲು ಬಿಚ್ಚೋರು. ಅಂಗಡಿ ಯಾರ ಕೈಯಲ್ಲಿರುತ್ತೆ? ಇನ್ನೇನು ಬಾಯಿ ಬಿಟ್ಟು ಹೇಳ್ಬೇಕಾ?"

"ನಾನ್ಯಾಕಮ್ಮ ಹಂಗೆ ಮಾಡ್ಲಿ?" ಎಂದಳು ಶಕೀಲಾ. ಹತ್ತೊಂಬತ್ತರ ಹುಡುಗಿ. ಗಲ್ಲಾದ ಮುಂದೆ ಕೂತಿದ್ದ ಅವಳಪ್ಪ ಬಷೀರ್ ಸಾಹೇಬರು ತಲೆ ತಗ್ಗಿಸಿ ಟೇಪನ್ನು ಸುತ್ತುತ್ತಲೇ ಇದ್ದರು. ಮಗಳ ಪರವಾಗಿ ಒಂದು ಮಾತು ಆಡಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಗಂಗುಲಮ್ಮ ಕನ್ನಡಕ ಏರಿಸಿ ಸ್ವೆಟರನ್ನು ಬಾಗಿಲ ಬೆಳಕಿಗೆ ಹಿಡಿದರು. ಬಿಚ್ಚಿದ್ದರೂ ಒಂದು ಕುಣಿಕೆಯೂ ಜಾರಿರಲಿಲ್ಲ. ಎಲ್ಲವನ್ನೂ ಜೋಪಾನವಾಗಿ ಕಡ್ಡಿಗೆ ವಾಪಸು ಏರಿಸಿದ್ದರು.

"ಅಕ್ಕಯಮ್ಮಾ, ಈ ಕುಣಿಕೆ ನೋಡೇ. ಬಲಗಾಲು ಹಿಂದೆ, ಎಡಗಾಲು ಮುಂದೆ. ಎಲ್ಲವೂ ತಿರುಗಿ ಕೂತಿವೆ."

"ಕುಣಿಕೆಗೆ ಕಾಲು ಬೇರೆ ಇರುತ್ತಾ?" ಎಂದೆ.

ಅವರು ನಗಲಿಲ್ಲ. ಕೆಳಗೆ ಬೆರಳಿಟ್ಟು ತೋರಿಸಿದರು. ಹೆಣಿಗೆಯಲ್ಲಿ ಒಂದು ಸಾಲು ಪೂರ್ತಿ ತಿರುಚಿಕೊಂಡಿತ್ತು. ಅದರ ಮೇಲೆ ನಾಲ್ಕು ಬೆರಳು ಬಿಟ್ಟು ಅಂಥದೇ ಇನ್ನೊಂದು. ಹಿಂದೆ ಎರಡು ಸಲ ತಿರುಗಿ ಕೂತಿದ್ದ ಕುಣಿಕೆಗಳ ಮೇಲೆಯೇ ಶ್ಯಾಮಲಮ್ಮ ಹೆಣೆದುಕೊಂಡು ಹೋಗಿದ್ದಳು. ಕಣ್ಣಲ್ಲಿ ನೀರಿಟ್ಟುಕೊಂಡು ಹೆಣೆದವಳಿಗೆ ಅದೆಲ್ಲಿ ಕಾಣಬೇಕು!

"ರಾತ್ರಿ ಮನೆಗೆ ತಗೊಂಡು ಹೋಗಬಾರದಾ, ಶ್ಯಾಮಲಾ?" ಎಂದು ನಾನು ಕೇಳಿದೆ.

"ಎಲ್ಲಿ ತಗೊಂಡು ಹೋಗ್ಲಿ ಅಕ್ಕಯ್ಯಾ? ಮನೇಲಿ ಹುಳ ಮೇಯ್ತಾವೆ. ಈ ಅಂಗಡಿ ಉಲ್ಲನ್ನೆಲ್ಲ ನುಸಿಗುಳಿಗೆ ವಾಸನೆ. ಆ ವಾಸನೆ ಸೋಕಿದ್ರೆ ರೇಷ್ಮೆಹುಳ ಸೊಪ್ಪು ಮುಟ್ಟಲ್ಲ. ಅದಕ್ಕೇ ಇಲ್ಲೇ ಮೊಳೆಗೆ ಚೀಲ ನೇತಾಕಿ, ಕೈ ತೊಳ್ಕೊಂಡು, ಸೀರೆ ಬದಲಾಯಿಸ್ಕೊಂಡು ಮನೆ ಒಳಗೆ ಹೋಗ್ತೀನಿ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಹಣೆಬರ ನೋಡಿ, ಇಷ್ಟು ಮಾಡಿದ್ರೂ ಹುಳಾನೂ ಸರಿಯಾಗಿ ಮೇಯ್ತಿಲ್ಲ. ಇವತ್ತು ಬೆಳಿಗ್ಗೆ ತಲೆ ಎತ್ಕೊಂಡು ಸುಮ್ನೆ ಕೂತಿದ್ವು."

"ಇವತ್ತೊಂದೇ ದಿನಾನಾ?" ಎಂದರು ಗಂಗುಲಮ್ಮ.

"ಶನಿವಾರಾನೂ ಹಂಗೇ ಮಾಡಿದ್ವು, ಮೇಡಂ. ಆಮೇಲೆ ಸರಿಹೋದ್ವು."

ಸ್ವೆಟರಿನ ಮಾತಿನ ಮಧ್ಯೆ ಹುಳದ ಯೋಗಕ್ಷೇಮ ಯಾಕೆ ಬೇಕು ಎಂದು ನಾನು ಮನಸ್ಸಿನಲ್ಲೇ ಗೊಣಗಿಕೊಂಡೆ.

ಅಂದು ಸಂಜೆ ನಾವಿಬ್ಬರೂ ಅಂಗಡಿಯ ಮುಂದೆಯೇ ನಿಂತೆವು. ಶ್ಯಾಮಲಮ್ಮನ ಗಂಡ ಆವುಲಪ್ಪ ಎಂದಿನಂತೆ ಕಂಬಳಿ ಹೊದ್ದು ಬಂದ. ಅವನೂ ಸಾಹೇಬರೂ ಚಿಕ್ಕಂದಿನ ಸ್ನೇಹಿತರು. ಮೊದಲು ಶಿಡ್ಲಘಟ್ಟದಲ್ಲಿ ಚರಕದ ಮೇಲೆ ರೇಷ್ಮೆ ನೂಲು ಬಿಚ್ಚುತ್ತಿದ್ದ ಆವುಲಪ್ಪ, ಈಗ ಮನೆಯಲ್ಲೇ ಹೆಂಡತಿಯ ಜೊತೆ ಹುಳ ಸಾಕುತ್ತಿದ್ದ. ಸಾಹೇಬರಿಗೆ ಸೊಂಟನೋವು ಬಂದ ಮೇಲೆ ಅಂಗಡಿಯ ಬಾಗಿಲ ಹಲಗೆಗಳನ್ನು ಬೆಳಿಗ್ಗೆ ತೆಗೆಯುವವನೂ ಸಂಜೆ ಜೋಡಿಸುವವನೂ ಅವನೇ. ಆ ದಿನವೂ ಹಲಗೆ ಜೋಡಿಸಿ, ನಮಗೆ ಕೈ ಮುಗಿದು, ಮಂಜಿನೊಳಗೆ ನಡೆದುಹೋದ. ನಾಲ್ಕು ಹೆಜ್ಜೆಗೆ ಕಾಣದಾದ.

"ಸಾಹೇಬರೇ," ಎಂದರು ಗಂಗುಲಮ್ಮ, "ಶ್ಯಾಮಲಮ್ಮ ಬಂದ ತಕ್ಷಣ 'ಮಗನ ಕಾಗದ ಬಂತೇನಮ್ಮಾ' ಅಂತ ದಿನಾ ಕೇಳ್ತಿದ್ರಿ. ಎರಡು ವಾರದಿಂದ ಕೇಳೋದೇ ಬಿಟ್ಟಿದ್ದೀರಲ್ಲ?"

ಸಾಹೇಬರ ಮುಖ ಬಿಳಿಚಿತು. "ವ್ಯಾಪಾರದ ಗಡಿಬಿಡಿ ಅಮ್ಮಾ, ಮರ್ತುಹೋಗುತ್ತೆ," ಎಂದರು. ಆ ದಿನವೆಲ್ಲ ಅಂಗಡಿಗೆ ಬಂದಿದ್ದವರು ಮೂರೇ ಗಿರಾಕಿಗಳು.

ಗಂಗುಲಮ್ಮ ಸೀದಾ ಆವುಲಪ್ಪ ಹೋದ ದಾರಿ ಹಿಡಿದರು. ನನಗೆ ಬರಬೇಡ ಎಂದರು. ನನಗೆ ಕೋಪ ಬಂದದ್ದು ಸುಳ್ಳಲ್ಲ. ಅರ್ಧ ಗಂಟೆ ಬಿಟ್ಟು ವಾಪಸು ಬಂದವರು ಕಾಫಿಯನ್ನೂ ಮುಟ್ಟದೆ ಕಿಟಕಿಯ ಬಳಿ ಕೂತರು.

"ನಾಳೆ ಮಧ್ಯಾಹ್ನ ಎಲ್ಲರನ್ನೂ ಸೇರಿಸು. ಆವುಲಪ್ಪನೂ ಬರ್ತಾನೆ," ಎಂದರು. "ಈ ಕೆಲಸ ನನಗೆ ಬೇಡವಾಗಿತ್ತು ಕಣೇ."

ಮರುದಿನ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಶಕೀಲಾ ಅತ್ತು ಅತ್ತು ಮುಖ ಊದಿಸಿಕೊಂಡು ಮೂಲೆಯಲ್ಲಿದ್ದಳು. ಆವುಲಪ್ಪ ಹೊಸ್ತಿಲಾಚೆ ನಿಂತಿದ್ದ. ಯಾರೂ ಕಡ್ಡಿ ಮುಟ್ಟಲಿಲ್ಲ. ಮೋಡದ ಬೆಳಕಿನಲ್ಲಿ ಬೀರುಗಳ ಬಣ್ಣಗಳೆಲ್ಲ ಮಂಕಾಗಿದ್ದವು.

"ಚಿಕ್ಕವೆಂಕಟಮ್ಮ ಹೇಳಿದ್ದರಲ್ಲಿ ಅರ್ಧ ಸರಿ," ಎಂದು ಗಂಗುಲಮ್ಮ ಶುರುಮಾಡಿದರು. "ಇದು ಇಲಿಯ ಕೆಲಸವಲ್ಲ. ಲಡಿ ಕಟ್ಟಿದ ಕೈ ರೇಷ್ಮೆ ನೂಲಿನಲ್ಲಿ ಪಳಗಿದ ಕೈ. ಹೆಣೆಯೋರು ಯಾರೇ ಆಗ್ಲಿ ಉಂಡೆ ಸುತ್ತುತ್ತಾರೆ. ನೂಲು ಬಿಚ್ಚೋನಿಗೆ ಮಾತ್ರ, ದಾರ ಕೈಗೆ ಬಂದ್ರೆ ಲಡಿ ಮಾಡಿ ಕಟ್ಟದೆ ಕೈ ಸುಮ್ಮನಿರಲ್ಲ."

"ನಾ ಹೇಳ್ಲಿಲ್ವಾ!" ಎಂದಳು ಚಿಕ್ಕವೆಂಕಟಮ್ಮ.

"ಇನ್ನರ್ಧ ಕೇಳಮ್ಮ. ಶಕೀಲಾ ಏಳನೇ ವಯಸ್ಸಿಂದ ಹೆಣೀತಾಳೆ, ನಾನೇ ಕಲಿಸಿದ್ದು. ಕುಣಿಕೆ ಕಡ್ಡಿಗೆ ಏರಿಸುವಾಗ ಬಲಗಾಲು ಮುಂದೆ ಇರಬೇಕು ಅನ್ನೋದು ಅವಳಿಗೆ ನಿದ್ದೇಲೂ ಗೊತ್ತು. ಇಲ್ಲಿ ಮೂರು ಸಲವೂ, ಪ್ರತಿಯೊಂದು ಕುಣಿಕೆಯೂ ತಿರುಗಿ ಕೂತಿದೆ. ಬಿಚ್ಚಿದವರಿಗೆ ಹೆಣಿಗೆಯ ಗಂಧವೇ ಇಲ್ಲ. ಆದ್ರೆ ಒಂದೂ ಜಾರದಂಗೆ ಕಾಪಾಡಿದ್ದಾರೆ. ಹಾಳುಮಾಡೋಕೆ ಬಂದೋರಿಗೆ ಅಷ್ಟು ತಾಳ್ಮೆ ಇರುತ್ತಾ?"

ಶಕೀಲಾ ತಲೆ ಎತ್ತಿದಳು.

"ಬಾಗಿಲು ಮುರಿದಿಲ್ಲ. ಹಲಗೆ ಹಾಕೋರು ಚೀಲ ತಗೊಂಡು ಹೋಗಿ, ಹಲಗೆ ತೆಗೆಯುವಾಗ ಮತ್ತೆ ಮೊಳೆಗೆ ಹಾಕಬಹುದು. ಎಲ್ಲಿಗೆ ತಗೊಂಡು ಹೋದ್ರು ಅಂತ ಹುಳ ಹೇಳಿದ್ವು. ಸ್ವೆಟರು ಬಿಚ್ಚಿಹೋಗಿದ್ದ ಶನಿವಾರ, ಬುಧವಾರ ಬೆಳಿಗ್ಗೆನೇ ಶ್ಯಾಮಲಮ್ಮನ ಹುಳ ಸೊಪ್ಪು ಬಿಟ್ಟಿದ್ದು. ಅವಳು ಸೀರೆ ಬದಲಾಯಿಸಿ ಒಳಗೆ ಹೋಗೋಳು. ಹಂಗಾದ್ರೆ ನುಸಿಗುಳಿಗೆ ವಾಸನೆ ಆ ಮನೆ ಒಳಗೆ ಹೆಂಗೆ ಹೋಯ್ತು?"

ಶ್ಯಾಮಲಮ್ಮ ಮೆಲ್ಲಗೆ ಹೊಸ್ತಿಲ ಕಡೆ ತಿರುಗಿದಳು.

"ನೀನಾ?" ಎಂದಳು.

ಆವುಲಪ್ಪ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡ.

"ಯಾಕೆ ಅಂತ ನನಗೆ ಹೊಳೆದಿದ್ದು ಸಾಹೇಬರಿಂದ," ಎಂದರು ಗಂಗುಲಮ್ಮ. ಅವರ ಧ್ವನಿ ತಗ್ಗಿತು. "ದಿನಾ ಕಾಗದ ಬಂತಾ ಅಂತ ಕೇಳೋರು ಇದ್ದಕ್ಕಿದ್ದಂಗೆ ಕೇಳೋದು ಬಿಟ್ರೆ, ಕಾಗದ ಬಂದಿದೆ ಅಂತಲೇ ಅರ್ಥ. ಮಿಲಿಟರಿಯವರು ಬರೆಯೋದು ಇಂಗ್ಲಿಷಿನಲ್ಲಿ, ಆವುಲಪ್ಪನಿಗೆ ಅದು ಓದೋಕೆ ಬರಲ್ಲ. ಓದಿ ಹೇಳಿದವರು ಸಾಹೇಬರು. ನಿನ್ನೆ ಕೇಳಿದ್ದಕ್ಕೆ ಆವುಲಪ್ಪ ಎಲ್ಲ ಒಪ್ಪಿಕೊಂಡ. ಹೇಳೋ ಧೈರ್ಯ ನನಗಿಲ್ಲ, ನೀವೇ ಹೇಳಿ ಅಂದ."

"ಯಾ ಅಲ್ಲಾ," ಎಂದು ಸಾಹೇಬರು ಮುಖ ಮುಚ್ಚಿಕೊಂಡರು. "ಯಾರಿಗೂ ಹೇಳಲ್ಲ ಅಂತ ಅವನ ಕೈ ಮೇಲೆ ಆಣೆ ಮಾಡಿದ್ದೆ. ಬಿಚ್ಚುತ್ತಿರೋನು ಇವನೇ ಅಂತ ಅನುಮಾನ ಬಂತು. ಬಾಯಿ ಬಿಟ್ರೆ ಕಾಗದದ ವಿಷಯ ಬರುತ್ತೆ. ನನ್ನ ಮಗಳು ಬೈಸಿಕೊಳ್ತಾ ಇದ್ರೂ ಸುಮ್ಮನೆ ಕೂತೆ. ಮಾಫ್ ಮಾಡು ಬೇಟಿ."

ಆವುಲಪ್ಪ ಒಳಗೆ ಬಂದು, ಮಡಿಸಿ ಮಡಿಸಿ ಸವೆದಿದ್ದ ಒಂದು ಕಾಗದವನ್ನು ನೆಲದ ಮೇಲಿಟ್ಟ.

"ಕಾಣೆಯಾಗವ್ನೆ ಅಂತ ಬರೆದವ್ರೆ," ಎಂದ. "ಸ್ವೆಟರು ಮುಗಿದ್ರೆ ಪಾರ್ಸಲ್ ಹೋಗುತ್ತೆ. ಅಲ್ಲಿ ಅವನಿಲ್ಲ ಅಂದ್ರೆ ಮೊಹರು ಹಾಕಿ ವಾಪಸ್ ಕಳಿಸ್ತಾರೆ. ಅದನ್ನ ಇವಳ ಕೈಗೆ ಕೊಡೋದು ಹೆಂಗೆ? ಚೀಲಾನೇ ಸುಟ್ಟುಬಿಡಣ ಅಂದ್ಕೊಂಡೆ, ಆಗ್ಲಿಲ್ಲ. ಹೆಣೀತಾ ಇರೋವರ್ಗೂ ಇವಳು ಊಟ ಮಾಡ್ತಾಳೆ, ನಗ್ತಾಳೆ. ಇನ್ನೊಂದು ನಾಲ್ಕು ದಿನ ಹೆಣೀಲಿ ಅಂತ, ಇವಳು ಮಲಗಿದ ಮೇಲೆ ಬಿಚ್ಚಿದೆ."

ಚಿಕ್ಕವೆಂಕಟಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಶ್ಯಾಮಲಮ್ಮ ಕಾಗದವನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು. ಅವಳಿಗೆ ಕನ್ನಡವೇ ಸರಿಯಾಗಿ ಓದಲು ಬಾರದು. ಅದನ್ನು ಸಾಹೇಬರ ಮುಂದೆ ಹಿಡಿದಳು.

"ಸತ್ತ ಅಂತ ಎಲ್ಲಾದ್ರೂ ಬರೆದವ್ರಾ, ಅಣ್ಣಾ?"

"ಇಲ್ಲಮ್ಮಾ. ಕಾಣ್ತಿಲ್ಲ ಅಂತ ಅಷ್ಟೇ."

"ಸರಿಯಾಗಿ ನೋಡು."

ಸಾಹೇಬರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ, ಒಂದೊಂದೇ ಅಕ್ಷರವಾಗಿ ಓದಿದರು. "ಇಲ್ಲ ತಾಯಿ. ಎಲ್ಲೂ ಬರೆದಿಲ್ಲ."

ಅವಳು ಗಂಡನ ಕಡೆ ತಿರುಗಿದಳು. ಅಷ್ಟು ಜೋರಾಗಿ ಅವಳು ಕೂಗಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

"ಹಂಗಾದ್ರೆ ಎಲ್ಲೋ ಅವ್ನೆ ಕಣಯ್ಯಾ! ಆ ಹಿಮದಲ್ಲಿ ಎಲ್ಲೋ ಕೂತವ್ನೆ! ಬಿಚ್ಚಿ ಬಿಚ್ಚಿ ಇಟ್ಟು ನನ್ನ ಮಗನ್ನ ಚಳೀಲಿ ನಿಲ್ಲಿಸಿಬಿಟ್ಟಲ್ಲಯ್ಯಾ, ಪಾಪಿ!"

ಆಮೇಲೆ ಅತ್ತಳು. ನಾವೆಲ್ಲ ಅತ್ತೆವು. ಗಂಗುಲಮ್ಮ ಕಿಟಕಿಯ ಕಡೆ ಮುಖ ಮಾಡಿ ನಿಂತರು. ಅವರು ಬಿಡಿಸಿದ ಅಷ್ಟೂ ಒಗಟುಗಳಲ್ಲಿ ಇದೊಂದು ಬಿಡಿಸದೇ ಇದ್ದಿದ್ದರೆ ಚೆನ್ನಿತ್ತು ಅಂತ ನನಗೆ ಅನ್ನಿಸಿತು.

ಮೊದಲು ಎದ್ದವಳು ಚಿಕ್ಕವೆಂಕಟಮ್ಮ. ಮೂಲೆಗೆ ಹೋಗಿ ಶಕೀಲಾಳ ಗಲ್ಲ ಹಿಡಿದು, "ನನ್ನ ನಾಲಿಗೆಗೆ ಬರೆ ಹಾಕ್ಬೇಕು ಕಣಮ್ಮ. ಬಾ, ಒಂದು ತೋಳು ನೀನು ಹಾಕು, ಇನ್ನೊಂದು ನಾನು ಹಾಕ್ತೀನಿ. ನಾಳೆ ಬಸ್ಸಿಗೆ ಮುಗಿಸಣ," ಎಂದಳು. ಶಕೀಲಾ ಮೂಗೊರೆಸಿಕೊಂಡು ಬೀರುವಿನಿಂದ ಹೊಸ ಕಡ್ಡಿಗಳನ್ನು ತಂದಳು. ಗಂಗುಲಮ್ಮ ಸ್ವೆಟರನ್ನು ತೆಗೆದುಕೊಂಡು ತಿರುಗಿದ್ದ ಕುಣಿಕೆಗಳನ್ನು ಒಂದೊಂದಾಗಿ ಸರಿಮಾಡತೊಡಗಿದರು. ಕೆಳಗಿನ ಎರಡು ತಿರುಚಿದ ಸಾಲುಗಳನ್ನು ಏನು ಮಾಡಲಿ ಎಂದು ಕೇಳಿದರು.

"ಇರ್ಲಿ ಬಿಡಿ ಮೇಡಂ," ಎಂದಳು ಶ್ಯಾಮಲಮ್ಮ. "ಮಗನಿಗೆ ಅವನಪ್ಪ ಹಾಕಿದ್ದು ಅದಷ್ಟೇ."

ಹೊರಗೆ ಮತ್ತೆ ಮಂಜು ಇಳಿಯುತ್ತಿತ್ತು. ಆವುಲಪ್ಪ ಎಲ್ಲಿ ನಿಲ್ಲಬೇಕೋ ತಿಳಿಯದೆ ಕಂಬದ ಪಕ್ಕ ನಿಂತೇ ಇದ್ದ. ಶ್ಯಾಮಲಮ್ಮ ಅವನ ಮುಖವನ್ನು ನೋಡಲಿಲ್ಲ. ಅವನು ಕಟ್ಟಿದ್ದ ಲಡಿಯ ಬಿಳಿ ದಾರಗಳನ್ನು ಹಲ್ಲಿನಿಂದ ಕಚ್ಚಿ ತೆಗೆದಳು.

"ಕೂತ್ಕೋ ಇಲ್ಲಿ. ಕೈ ಚಾಚು," ಎಂದಳು.

ಅವನು ಅವಳ ಎದುರು ಕೂತು ಎರಡೂ ಕೈ ಚಾಚಿದ. ಅವಳು ಲಡಿಯನ್ನು ಅವನ ಕೈಗಳಿಗೆ ತೊಡಿಸಿ ಉಂಡೆ ಸುತ್ತತೊಡಗಿದಳು. ಅವನ ಕೈಗಳು ನಡುಗಿ ನಡುಗಿ ಎಳೆ ಜಾರುತ್ತಿತ್ತು.

"ಅಲ್ಲಾಡಬೇಡ," ಎಂದಳು ಶ್ಯಾಮಲಮ್ಮ. "ಸಿಕ್ಕಾದ್ರೆ ಹೊತ್ತಾಗುತ್ತೆ. ಅಲ್ಲಿ ಮಗ ಕಾಯ್ತಾ ಇರ್ತಾನೆ."